ಹದಿಮೂರು ಮೀಟರ್ ಎತ್ತರದ ಆಂಟೆನಾಕ್ಕೆ ಕಿವಿ ಮಂದವಾದಾಗ

2025ರ ಜುಲೈ 4, ಆರಿದ್ರಾ ಮಳೆಯ ಕೊನೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವತ್ತು ಮಧ್ಯಾಹ್ನ ಹ್ಯಾಮ್ ರೇಡಿಯೊದಲ್ಲಿ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿಗಳು ಬಳಸುವ ರೇಡಿಯೊದಲ್ಲಿ, ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳ ಜೊತೆ ಮಾತಾಡಿದರು. ನಿಲ್ದಾಣದಿಂದ ಕೆಳಗೆ ಬರುವ ದನಿ 145.800 ಮೆಗಾಹರ್ಟ್ಜ್‌ನಲ್ಲಿ. ನಾನು ಕಾಲು ಗಂಟೆ ಮುಂಚೆಯೇ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಕೇಳಿದ್ದು ಬರೀ ಸುಯ್ಯೆನ್ನುವ ಸದ್ದು. ನಡುವೆ ಎರಡು ಸಲ ಯಾರೋ ಗಂಟಲು ಸರಿ ಮಾಡಿಕೊಂಡ ಹಾಗಾಯಿತು, ಅಷ್ಟೇ. ಹದಿಮೂರು ಮೀಟರ್ ಎತ್ತರದ ಟವರಿನ ತುದಿಯಲ್ಲಿ ಆಂಟೆನಾ ಇಟ್ಟುಕೊಂಡವನಿಗೆ ಇದಕ್ಕಿಂತ ಅವಮಾನ ಬೇಕಾ?

ಮೊದಲು ವ್ಯವಸ್ಥೆ ಏನು ಅಂತ ಹೇಳಿಬಿಡುತ್ತೇನೆ. ಮನೆ ಇರುವುದು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ. ಹಿಂದುಗಡೆ ಸಿಲ್ವರ್ ಓಕ್ ಸಾಲು, ಅದರಾಚೆ ಗುಡ್ಡ. ಟವರು ನಾನು ಕಟ್ಟಿಸಿದ್ದಲ್ಲ. ಮಹಡಿ ಮೇಲೆ ಡಿಶ್ ಬರುವ ಮೊದಲು, ದೂರದರ್ಶನ ಹಿಡಿಯಲು ಅಪ್ಪ ಹಾಕಿಸಿದ ಮೂರು ಕಾಲಿನ ಕಬ್ಬಿಣದ ಟವರು. ಡಿಶ್ ಬಂದ ಮೇಲೆ ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿತ್ತು. 2024ರ ಫೆಬ್ರವರಿಯಲ್ಲಿ ಬಳ್ಳಿ ಬಿಡಿಸಿ, ತುಕ್ಕು ಕೆರೆದು, ಬಣ್ಣ ಬಳಿದು, ತುದಿಗೆ ಒಂದು ಡಿಸ್ಕೋನ್ ಆಂಟೆನಾ ಏರಿಸಿದೆ. ಕೊಡೆಯ ಕಡ್ಡಿಗಳನ್ನು ಅರ್ಧ ಬಿಚ್ಚಿ ನಿಲ್ಲಿಸಿದ ಹಾಗೆ ಕಾಣುತ್ತದಲ್ಲ, ಅದು. ಅದರ ಗುಣವೇನು ಅಂದರೆ ಯಾವ ಒಂದು ತರಂಗಾಂತರಕ್ಕೂ ಅದು ವಿಶೇಷವಾಗಿ ಒಲಿಯುವುದಿಲ್ಲ, ಯಾವುದನ್ನೂ ಪೂರ್ತಿ ಕೈಬಿಡುವುದೂ ಇಲ್ಲ. ಎಲ್ಲ ಕಡೆ ಓಡಾಡುವ ಸ್ಕ್ಯಾನರಿಗೆ ಸರಿಯಾದ ಜೋಡಿ.

ಸ್ಕ್ಯಾನರ್ ಅಂತ ನಾನು ಕರೆಯುವುದು ಒಂದು ಹಳೇ ಲ್ಯಾಪ್‌ಟಾಪ್ ಮತ್ತು ಕಂಪ್ಯೂಟರಿಗೆ ಸಿಕ್ಕಿಸಿ ರೇಡಿಯೊ ಕೇಳುವ, ಹೆಬ್ಬೆರಳಿನಷ್ಟು ದೊಡ್ಡ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ಗೆ. ಒಳಗಿರುವುದು ಟಿವಿ ಡಾಂಗಲ್‌ಗೆಂದೇ ಮಾಡಿದ ಚಿಪ್. ಆದರೆ 24ರಿಂದ 1,766 ಮೆಗಾಹರ್ಟ್ಜ್‌ವರೆಗೆ ಎಲ್ಲಿಗೆ ಬೇಕಾದರೂ ಟ್ಯೂನ್ ಆಗುತ್ತದೆ. ಟವರಿನಿಂದ ಮೇಜಿನವರೆಗೆ 28 ಮೀಟರ್ ಆರ್‌ಜಿ-58 ಕೋಆಕ್ಸ್ ಕೇಬಲ್: ನಡುವೆ ಒಂದು ತಂತಿ, ಅದರ ಸುತ್ತ ತಾಮ್ರದ ಎಳೆಗಳ ಹೆಣಿಗೆ, ಮೇಲೆ ಪ್ಲಾಸ್ಟಿಕ್ ಸಿಪ್ಪೆ. ನನ್ನ ಹತ್ತಿರ ಹ್ಯಾಮ್ ಲೈಸೆನ್ಸ್ ಇದೆ, ರಿಸ್ಟ್ರಿಕ್ಟೆಡ್ ದರ್ಜೆಯದ್ದು, ವಿಯು3ರಿಂದ ಶುರುವಾಗುವ ಕರೆಸಂಕೇತ. ಕೇಳುವುದು ಹ್ಯಾಮ್ ಪಟ್ಟಿ, ಹ್ಯಾಮ್ ಉಪಗ್ರಹಗಳು, ಆಕಾಶವಾಣಿ. ಸ್ಕ್ಯಾನರ್ ಅಂದ ಕೂಡಲೇ ಪೊಲೀಸರದ್ದು ಬರುತ್ತಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಅದು ನಮಗೆ ಸೇರಿದ್ದಲ್ಲ, ಆ ಕಡೆ ಹೋಗುವುದೂ ಬೇಡ.

ಮೊದಲ ವರ್ಷ ಎಲ್ಲ ಚೆನ್ನಾಗಿತ್ತು. ನಿಲ್ದಾಣ ತಲೆ ಮೇಲೆ ಹಾದುಹೋಗುವ ಹತ್ತು ನಿಮಿಷ ದನಿ ಪಕ್ಕದ ಕೋಣೆಯಿಂದ ಬಂದ ಹಾಗಿರುತ್ತಿತ್ತು. ಎರಡನೇ ವರ್ಷದ ಮೇ ತಿಂಗಳಿಂದ ಏನೋ ಮಂಕು. ಮಳೆ, ಮೋಡ, ಗುಡ್ಡ, ಹೀಗೆ ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜ ಹೇಳಬೇಕೆಂದರೆ 145 ಮೆಗಾಹರ್ಟ್ಜ್‌ನ ಅಲೆಗೆ ಮಳೆ ಒಂದು ಲೆಕ್ಕವೇ ಅಲ್ಲ. ಎರಡು ಮೀಟರ್ ಉದ್ದದ ಅಲೆ ಮಳೆ ಹನಿಯನ್ನು ಗಮನಿಸುವುದೇ ಇಲ್ಲ. ಡಿಶ್ ಟಿವಿ ಮಳೆಗೆ ಕೈಕೊಡುವುದು ಅದರ ಅಲೆ ಬರೀ ಎರಡು ಮೂರು ಸೆಂಟಿಮೀಟರ್ ಇರುವುದರಿಂದ. ಇದು ಗೊತ್ತಿದ್ದೂ ಮಳೆಯ ಮೇಲೆ ಹಾಕಿದೆ. ಟವರು ಹತ್ತುವುದನ್ನು ತಪ್ಪಿಸಿಕೊಳ್ಳಲು ಮನಸ್ಸು ಏನು ಬೇಕಾದರೂ ಹೇಳುತ್ತದೆ ನೋಡಿ.

ಜುಲೈ 4ರ ಸಂಜೆ ಸಿಟ್ಟಿನಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿದೆ. ಪರೀಕ್ಷೆಗೆ ದಿನವಿಡೀ ಒಂದೇ ಸಮ ಬರುವ ಸಿಗ್ನಲ್ ಬೇಕು. ನಮ್ಮ ಕಡೆ ಅದಕ್ಕೆ ಆಕಾಶವಾಣಿಯೇ ದಿಕ್ಕು: ಮಡಿಕೇರಿಯ 103.1, ಹಾಸನದ 102.2, ಗಾಳಿ ಬಂದ ಕಡೆ ಮಂಗಳೂರಿನ 100.3. ಮಡಿಕೇರಿ ಎತ್ತರದ ಊರು, ಅದರ ಎಫ್‌ಎಂ ಮಲೆನಾಡಿನ ಸಂದಿಗೊಂದಿಗಳಿಗೆಲ್ಲ ಬರುತ್ತದೆ. ಅದನ್ನೇ ಆರಿಸಿಕೊಂಡೆ. ಸಾಫ್ಟ್‌ವೇರಿನಲ್ಲಿ ತನ್ನಷ್ಟಕ್ಕೆ ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಏರಿಸಿ ಇಳಿಸುವ ವ್ಯವಸ್ಥೆಯನ್ನು ಆಫ್ ಮಾಡಿ, ಗೇನ್ ಒಂದೇ ಕಡೆ ನಿಲ್ಲಿಸಿದೆ. ಇದನ್ನು ಮಾಡದೆ ಅಳೆದರೆ ಅಳತೆಗೆ ಅರ್ಥವಿಲ್ಲ. ತಕ್ಕಡಿ ತನ್ನಷ್ಟಕ್ಕೆ ಬಟ್ಟು ಬದಲಾಯಿಸಿಕೊಂಡರೆ ತೂಕ ನೋಡುವುದು ಹೇಗೆ? ಆಮೇಲೆ ಟವರಿನ ಕೇಬಲ್ ತೆಗೆದು, ಡಾಂಗಲ್ ಜೊತೆ ಬಂದಿದ್ದ ಗೇಣುದ್ದದ ಕಡ್ಡಿ ಆಂಟೆನಾ ಸಿಕ್ಕಿಸಿ ಕಿಟಕಿಯ ಮೇಲಿಟ್ಟೆ.

ಕಿಟಕಿಯ ಮೇಲಿನ ಗೇಣುದ್ದದ ಕಡ್ಡಿ, ಟವರಿನ ಮೇಲಿನ ಡಿಸ್ಕೋನ್‌ಗಿಂತ ಚೆನ್ನಾಗಿ ಮಡಿಕೇರಿ ಹಿಡಿಯಿತು.

ಇನ್ನು ಸಬೂಬಿಗೆ ಜಾಗವಿರಲಿಲ್ಲ. ಆದರೂ ಹತ್ತುವ ಮಾತು ಮಳೆಗಾಲದಲ್ಲಿ ಇಲ್ಲ. ಕೆಳಗೆ ಕೂತೇ ಏನೇನು ಆಗುತ್ತದೋ ಅದನ್ನೆಲ್ಲ ಮಾಡಿದೆ. ಇಲ್ಲಿಂದ ಮೂರು ವಾರ ನಾನು ಮಾಡಿದ್ದರಲ್ಲಿ ಅರ್ಧ ದಂಡ. ಆ ಅರ್ಧವನ್ನೂ ಬರೆಯುತ್ತೇನೆ.

ಮೊದಲ ದಂಡ, ಆಂಪ್ಲಿಫೈಯರ್. ಸಿಗ್ನಲ್ ಕಮ್ಮಿ ಅಂದರೆ ಏರಿಸಿದರಾಯಿತು ಅಂತ ಒಂದು ಸಣ್ಣ ಎಲ್‌ಎನ್‌ಎ ತರಿಸಿ ಡಾಂಗಲ್ ಮುಂದೆ ಹಾಕಿದೆ. ಪರದೆಯ ಮೇಲೆ ಎಲ್ಲವೂ ಎದ್ದು ನಿಂತಿತು. ಮಡಿಕೇರಿಯೂ ಎದ್ದಿತು, ಅದರ ಸುತ್ತಲಿನ ಗದ್ದಲವೂ ಅಷ್ಟೇ ಎದ್ದಿತು. ಎರಡರ ನಡುವಿನ ಅಂತರ ಎಷ್ಟಿತ್ತೋ ಅಷ್ಟೇ. ನಮಗೆ ಬೇಕಾದದ್ದು ಅಂತರ, ಎತ್ತರ ಅಲ್ಲ. ಕೇಬಲ್ಲಿನಲ್ಲಿ ಸೋರಿಹೋದ ಸಿಗ್ನಲ್ಲನ್ನು ಕೇಬಲ್ ಮುಗಿದ ಮೇಲೆ ಕೂತ ಆಂಪ್ಲಿಫೈಯರ್ ವಾಪಸು ತರುವುದಿಲ್ಲ. ಅದು ಇರಬೇಕಾದದ್ದು ಮೇಲೆ, ಆಂಟೆನಾದ ಬುಡದಲ್ಲಿ, ಸೋರುವ ಮೊದಲು. ಇದನ್ನು ಲೈಸೆನ್ಸ್ ಪರೀಕ್ಷೆಗೆ ಓದಿದ್ದೆ. ಓದಿದ್ದಕ್ಕೂ ಮಾಡುವುದಕ್ಕೂ ನಡುವೆ ಎರಡು ಸಾವಿರ ರೂಪಾಯಿ ಹೋಯಿತು.

ಎರಡನೆಯದು ಅಷ್ಟು ದಂಡ ಅಲ್ಲ. ಪುನರ್ವಸು ಮಳೆಯಲ್ಲಿ ಒಂದು ರಾತ್ರಿ ಕರೆಂಟು ಹೋಯಿತು. ಮಲೆನಾಡಿನಲ್ಲಿ ಜುಲೈ ತಿಂಗಳಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ, ಇರುವುದೇ ಸುದ್ದಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿತ್ತು. ಕರೆಂಟು ಹೋದ ಕ್ಷಣವೇ ಪರದೆಯ ಮೇಲಿನ ಗದ್ದಲದ ನೆಲ, ಅಂದರೆ ಸಿಗ್ನಲ್ ಇಲ್ಲದಾಗಲೂ ಇರುವ ಸದ್ದಿನ ಮಟ್ಟ, ಎಂಟು ಡೆಸಿಬೆಲ್ ಕೆಳಗೆ ಬಿತ್ತು. ಜೇನುಗೂಡಿಗೆ ಹೊಗೆ ಹಾಕಿದ ಹಾಗೆ ಗುಂಯ್ ಅನ್ನುವುದು ನಿಂತೇಹೋಯಿತು. ಅಂದರೆ ಗದ್ದಲ ಹುಟ್ಟುತ್ತಿರುವುದು ನನ್ನ ಮನೆಯಲ್ಲೇ. ಮರುದಿನ ಕರೆಂಟು ಬಂದ ಮೇಲೆ ಎಂಸಿಬಿ ಒಂದೊಂದೇ ಇಳಿಸುತ್ತಾ ಹೋದೆ. ಕೊಟ್ಟಿಗೆಯ ಎಲ್‌ಇಡಿ ಬಲ್ಬು, ಅಲ್ಲ. ಬಾವಿಯ ಮೋಟರು, ಅಲ್ಲ. ಇನ್ವರ್ಟರು, ಸ್ವಲ್ಪ. ಕೊನೆಗೆ ಸಿಕ್ಕಿದ್ದು ವೈಫೈ ಡಬ್ಬಿಯ ಅಡಾಪ್ಟರು. ಮೂಲದ್ದು ಸಿಡಿಲಿಗೆ ಸುಟ್ಟಾಗ ಪೇಟೆಯಿಂದ ತಂದ ಅಗ್ಗದ ಮಾಲು. ಅದರ ವೈರಿಗೆ, ಗದ್ದಲ ತಡೆಯುವ ಒಂದು ಫೆರೈಟ್ ಕ್ಲಿಪ್ ಹಾಕಿ, ಮೂರು ಸುತ್ತು ಸುತ್ತಿದೆ. ಗದ್ದಲ ಐದು ಡೆಸಿಬೆಲ್ ಇಳಿಯಿತು.

ಎರಡು ದಿನ ಗೆದ್ದೆ ಅಂತಲೇ ತಿಳಿದಿದ್ದೆ. ಮೂರನೇ ದಿನ ಮತ್ತೆ ಕಿಟಕಿಯ ಕಡ್ಡಿ ಜೊತೆ ಹೋಲಿಸಿ ನೋಡಿದರೆ ಟವರಿನದ್ದು ಇನ್ನೂ ಹಿಂದೆಯೇ. ಗದ್ದಲ ತಗ್ಗಿತ್ತು ನಿಜ, ಸಿಗ್ನಲ್ ಏರಿರಲಿಲ್ಲ. ಮತ್ತೆ ಒಂದು ಪ್ರಶ್ನೆ ತಲೆಯಲ್ಲಿ ಉಳಿಯಿತು. ಅದೇ ಅಡಾಪ್ಟರು ಹಿಂದಿನ ವರ್ಷದ ಮಳೆಗಾಲದಿಂದಲೂ ಅಲ್ಲೇ ಇದೆ. ಆಗ ಯಾಕೆ ಗದ್ದಲ ಮಾಡಲಿಲ್ಲ?

ಈಗ ಮಲ್ಟಿಮೀಟರಿಗೆ ಬಂದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ನನ್ನ ಡಿಸ್ಕೋನ್‌ನ ಮೇಲಿನ ತಟ್ಟೆಗೂ ಕೆಳಗಿನ ಕಡ್ಡಿಗಳಿಗೂ ನಡುವೆ ಲೋಹದ ಸಂಪರ್ಕ ಇಲ್ಲ. ಹಾಗಾಗಿ ಕೆಳಗಿನ ತುದಿಯಲ್ಲಿ ಕೇಬಲ್ ಬಿಚ್ಚಿ, ನಡುವಿನ ತಂತಿಗೂ ಹೊರಗಿನ ಹೆಣಿಗೆಗೂ ಮೀಟರ್ ಮುಟ್ಟಿಸಿದರೆ ‘ಓಎಲ್’ ಅಂತ ತೋರಿಸಬೇಕು, ಅಂದರೆ ಎಲ್ಲೂ ಸಂಪರ್ಕವಿಲ್ಲ ಅಂತ. ಎಲ್ಲ ಆಂಟೆನಾಗಳೂ ಹೀಗಲ್ಲ. ಮಡಿಸಿದ ಡೈಪೋಲ್ ಇದ್ದರೆ ಒಳ್ಳೆಯ ಕೇಬಲ್ಲೂ ಶಾರ್ಟ್ ತೋರಿಸುತ್ತದೆ. ನಿಮ್ಮದು ಯಾವ ಜಾತಿ ಅಂತ ಮೊದಲು ತಿಳಿದುಕೊಳ್ಳಿ, ಇಲ್ಲದಿದ್ದರೆ ಸುಮ್ನೆ ಗಾಬರಿ.

ನನ್ನ ಮೀಟರು 22 ಕಿಲೋ ಓಮ್ ತೋರಿಸಿತು. ಅದೂ ನಿಂತ ಸಂಖ್ಯೆಯಲ್ಲ. 22, 25, 19, ಹೀಗೆ ಅಲೆಯುತ್ತಿತ್ತು. ಮೀಟರಿನ ಮುಳ್ಳುಗಳನ್ನು ಅದಲು ಬದಲು ಮಾಡಿದರೆ ಬೇರೆಯೇ ಸಂಖ್ಯೆ. ಒದ್ದೆ ತಾಮ್ರ ಹೀಗೆಯೇ ಆಡುವುದು, ತಾನೇ ಒಂದು ಸಣ್ಣ ಬ್ಯಾಟರಿಯಾಗಿಬಿಡುತ್ತದೆ. ಅವತ್ತಿಂದ ಗೋಡೆಗೆ ಒಂದು ಕ್ಯಾಲೆಂಡರ್ ಹಾಳೆ ಅಂಟಿಸಿ ದಿನವೂ ಬೆಳಗ್ಗೆ ಬರೆದೆ. ಜೋರು ಮಳೆಯ ಮರುದಿನ 15ರಿಂದ 20. ಪುಷ್ಯದಲ್ಲಿ ಮೂರು ದಿನ ಹೊಳವಾಗಿ ಬಿಸಿಲು ಬಂದಾಗ 300 ದಾಟಿತು. ಮತ್ತೆ ಮಳೆ, ಮತ್ತೆ 18. ಮೇಲೆ ಎಲ್ಲೋ ನೀರು ಹೋಗುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಒಂದು ಮಾತು ಇಲ್ಲೇ ಹೇಳಬೇಕು. 20 ಕಿಲೋ ಓಮ್ ಸೋರಿಕೆ ಅಂದರೆ 50 ಓಮ್‌ನ ಕೇಬಲ್ಲಿಗೆ ಏನೇನೂ ಅಲ್ಲ. ಅದೊಂದರಿಂದಲೇ ಸಿಗ್ನಲ್ ಹೀಗೆ ಬೀಳುವುದಿಲ್ಲ. ಅದು ಜ್ವರದ ಹಾಗೆ, ಒಳಗೆ ಏನೋ ಆಗಿದೆ ಅಂತ ಹೇಳುತ್ತದೆ ಅಷ್ಟೇ. ನಿಜವಾದ ನಷ್ಟ ಆಗುವುದು ಹೆಣಿಗೆಗೆ ಕಿಲುಬು ಹಿಡಿದಾಗ. ಇಷ್ಟು ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಕರೆಂಟು ತಾಮ್ರದ ಮೈಮೇಲಷ್ಟೇ ಹರಿಯುತ್ತದೆ, ಕೂದಲಿಗಿಂತ ತೆಳುವಾದ ಪದರದಲ್ಲಿ. ಆ ಪದರವೇ ಕಿಲುಬಾದರೆ ಒಳಗಿನ ತಾಮ್ರ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ.

ಹತ್ತುವುದು ಅಂತ ತೀರ್ಮಾನವಾಯಿತು. ಮಘೆಯಲ್ಲಿ ಒಂದು ವಾರ ಹೊಳವಾಯಿತು. ನಮ್ಮ ತೋಟಕ್ಕೆ ಅಡಿಕೆ ಕೊಯ್ಯಲು ಬರುವ ಕೊನೆಗಾರನನ್ನು ಕರೆದೆ. ಅವನು ಹಗ್ಗ ತಂದ, ನಾನು ಸೊಂಟದ ಬೆಲ್ಟು ಹಾಕಿದೆ. ಟವರಿನ ಬುಡದ ಬೋಲ್ಟು, ಟವರನ್ನು ಮೂರೂ ಕಡೆ ಎಳೆದು ಹಿಡಿಯುವ ಗೈ ತಂತಿ, ಹತ್ತಿರ ಕರೆಂಟು ಲೈನ್ ಇಲ್ಲ ಅನ್ನುವುದು, ಎಲ್ಲ ಎರಡು ಸಲ ನೋಡಿದ್ದಾಯಿತು. ಅಡಿಕೆ ಮರ ಬಳುಕುತ್ತದೆ, ಅದಕ್ಕೇ ಮುರಿಯುವುದಿಲ್ಲ, ನಿಮ್ಮದು ಬಳುಕುವುದೇ ಇಲ್ಲವಲ್ಲ ಅಂತ ಅವನಿಗೆ ಟವರಿನ ಮೇಲೆ ಅನುಮಾನ. ಹತ್ತುವುದು ನಾನೇ ಅಂದೆ. ಅವನು ಕೆಳಗೆ ಹಗ್ಗ ಹಿಡಿದ.

ಜೇಬಿನಲ್ಲಿ ಫೋನು, ಡಾಂಗಲ್, ಒಂದು ಮೀಟರಿನ ಹೊಸ ಕೇಬಲ್ ತುಂಡು. ಈ ಡಾಂಗಲ್ ಒಟಿಜಿ ವೈರ್ ಮೂಲಕ ಆಂಡ್ರಾಯ್ಡ್ ಫೋನಿಗೂ ಸಿಕ್ಕಿಕೊಳ್ಳುತ್ತದೆ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದೇ. ಹತ್ತುವ ಮೊದಲು ಅದೇ ಫೋನು, ಅದೇ ಡಾಂಗಲ್, ಅದೇ ಗೇನ್‌ನಲ್ಲಿ ಕೆಳಗೆ ಅಳೆದುಕೊಂಡಿದ್ದೆ: ಮಡಿಕೇರಿ 103.1, ಮೈನಸ್ 45 ಡೆಸಿಬೆಲ್ (ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು). ಮೇಲೆ ಹೋಗಿ ಹಳೇ ಕೇಬಲ್ ಬಿಚ್ಚಿ, ಆಂಟೆನಾಕ್ಕೆ ಒಂದು ಮೀಟರಿನ ತುಂಡು ಹಾಕಿ ನೋಡಿದೆ: ಮೈನಸ್ 24.

ಇಪ್ಪತ್ತೊಂದು ಡೆಸಿಬೆಲ್. ಆಂಟೆನಾ ಹಿಡಿದ ಸಿಗ್ನಲ್‌ನಲ್ಲಿ ಮೇಜಿಗೆ ಮುಟ್ಟುತ್ತಿದ್ದುದು ನೂರರಲ್ಲಿ ಒಂದು ಪಾಲೂ ಅಲ್ಲ. ಹೊಸ ಆರ್‌ಜಿ-58 ಇಷ್ಟುದ್ದಕ್ಕೆ ಈ ತರಂಗಾಂತರದಲ್ಲಿ ಐದರ ಹತ್ತಿರ ತಿನ್ನುತ್ತದೆ, ಅದು ಸಹಜ. ಉಳಿದ ಹದಿನಾರು ರೋಗ. ಆಂಟೆನಾ ಪಾಪ ಒಂದು ದಿನವೂ ಕೆಟ್ಟಿರಲಿಲ್ಲ.

ಇನ್ನು ಆ ಕನೆಕ್ಟರ್. ಪಿಎಲ್-259 ಅಂತಾರೆ, ದಪ್ಪ ಮೂತಿಯ ತಿರುಪಿನ ಕನೆಕ್ಟರ್. ಅದಕ್ಕೆ ಹುಟ್ಟಿನಿಂದಲೇ ನೀರು ತಡೆಯುವ ಗುಣ ಇಲ್ಲ. ಅದು ಗೊತ್ತಿದ್ದೇ 2024ರಲ್ಲಿ ಕರೀ ಇನ್ಸುಲೇಷನ್ ಟೇಪಿನಲ್ಲಿ ನಾಲ್ಕು ಪದರ ಸುತ್ತಿ, ಅಂಚಿಗೆ ಎಂ-ಸೀಲ್ ಮೆತ್ತಿ, ನನ್ನ ಕೈಗೆಲಸಕ್ಕೆ ನಾನೇ ಶಹಬ್ಬಾಸ್ ಹೇಳಿಕೊಂಡಿದ್ದೆ. ಈಗ ಟವರಿನ ಮೇಲೆ ಬೆಲ್ಟಿಗೆ ಜೋತುಕೊಂಡು ಅದನ್ನು ಮೂಗಿನ ಮುಂದೆ ಹಿಡಿದು ನೋಡಿದೆ. ಟೇಪಿನ ಅಂಟು ಬೇಸಿಗೆಯ ಬಿಸಿಲಿಗೆ ಕರಗಿ ಜಾರಿತ್ತು. ಎಂ-ಸೀಲ್ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಇವೆರಡಕ್ಕಿಂತ ಕೆಟ್ಟದ್ದು ಟೇಪಿನ ದಿಕ್ಕು. ಸುತ್ತನ್ನು ಮೇಲಿಂದ ಶುರು ಮಾಡಿ ಕೆಳಗೆ ತಂದಿದ್ದೆ. ಹಾಗಾಗಿ ಪ್ರತಿ ಸುತ್ತಿನ ತೆರೆದ ಅಂಚೂ ಮೇಲ್ಮುಖ. ಪ್ರತಿಯೊಂದೂ ಒಂದು ಪುಟ್ಟ ತೊಟ್ಟಿ.

ಹೆಂಚಿನ ಮನೆಯಲ್ಲಿ ಹುಟ್ಟಿ ಬೆಳೆದವನು ನಾನು. ಹೆಂಚು ಹೊದಿಸುವವರು ಸೂರಿನಿಂದ ಶುರು ಮಾಡಿ ನೆತ್ತಿಗೆ ಹೋಗುತ್ತಾರೆ, ಮೇಲಿನ ಹೆಂಚು ಕೆಳಗಿನದರ ತಲೆ ಮೇಲೆ ಕೂರುತ್ತದೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುವಾಗ ಕೆಳಗೆ ನಿಂತು ನೋಡಿದ್ದೇನೆ. ಅಷ್ಟಾದರೂ ಟೇಪಿನ ಹೆಂಚನ್ನು ತಲೆಕೆಳಗು ಹೊದಿಸಿದ್ದೆ. ಕೊನೆಗಾರನಿಗೆ ಮೇಲಿಂದಲೇ ಕೂಗಿ ಹೇಳಿದೆ. ಅವನು ನಕ್ಕಿದ್ದು ಹದಿಮೂರು ಮೀಟರ್ ಮೇಲಕ್ಕೂ ಕೇಳಿಸಿತು.

ಕನೆಕ್ಟರ್ ಬಿಚ್ಚಿದಾಗ ಒಳಗಿಂದ ಕಂದು ಬಣ್ಣದ ಒಂದು ಹನಿ ನೀರು ಬಿತ್ತು. ಒಳಗೋಡೆ ಪೂರ್ತಿ ಹಸಿರು, ದೇವರ ಮನೆಯ ತೊಳೆಯದ ಪಂಚಪಾತ್ರೆಯ ಬುಡದ ಹಾಗೆ. ಅಷ್ಟನ್ನೇ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದರೆ ಸಾಕು ಅಂದುಕೊಂಡು ಚಾಕುವಿನಿಂದ ಹತ್ತು ಸೆಂಟಿಮೀಟರ್ ಸಿಪ್ಪೆ ಸುಲಿದೆ. ಹೆಣಿಗೆ ಕಪ್ಪು. ಅರ್ಧ ಮೀಟರ್ ಕೆಳಗೆ ಸುಲಿದೆ. ಕಪ್ಪು. ಕೇಬಲ್ಲನ್ನೇ ಕೆಳಗಿಳಿಸಿ ಅಂಗಳದಲ್ಲಿ ಹಾಸಿ, ಮೀಟರಿಗೊಂದು ಕಡೆ ಸೀಳುತ್ತಾ ಹೋದೆ. ಆರು ಮೀಟರ್‌ವರೆಗೆ ಇದ್ದಲಿನ ಹಾಗೆ ಕಪ್ಪು, ಬೆರಳಿಗೆ ಹತ್ತುತ್ತದೆ. ಅಲ್ಲಿಂದ ಹದಿನಾರರವರೆಗೆ ಮಾಸಲು. ಅಲ್ಲಿಂದ ಚೆನ್ನಾಗಿದೆ ಅನ್ನುವಷ್ಟರಲ್ಲಿ ಮನೆ ಒಳಗೆ ನುಗ್ಗುವ ಕಡೆ, ಕಿಟಕಿಯ ಕೆಳಗೆ, ಮತ್ತೆ ಮೂರು ಮೀಟರ್ ಹಸಿರು ಪುಡಿ. ಹೆಣಿಗೆಯ ಎಳೆಗಳು ಬೆರಳಲ್ಲಿ ಉಜ್ಜಿದರೆ ಉದುರುತ್ತಿದ್ದವು.

ಅದು ಹೇಗೆ ಅಂತ ಸ್ವಲ್ಪ ಹೊತ್ತು ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ಹೆಣಿಗೆ ಅಂದರೆ ಬತ್ತಿ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರು ಎಳೆಯುತ್ತದೆ. ಮೇಲೆ ಹೊಕ್ಕ ನೀರು ಸಿಪ್ಪೆಯ ಒಳಗೇ ಇಳಿದು ಬಂದು, ಅತಿ ತಗ್ಗಿನ ಜಾಗದಲ್ಲಿ ನಿಂತಿತ್ತು. ಅಲ್ಲಿಂದ ಕೇಬಲ್ ಸ್ವಲ್ಪ ಮೇಲೇರಿ ಕಿಟಕಿ ದಾಟುತ್ತದೆ, ಆದ್ದರಿಂದ ಮೇಜಿನವರೆಗೆ ಬಂದಿರಲಿಲ್ಲ. ಬಂದಿದ್ದರೆ ಡಾಂಗಲ್ಲೂ ಹೋಗಿರುತ್ತಿತ್ತು.

ಅಡಾಪ್ಟರಿನ ಪ್ರಶ್ನೆಗೂ ಉತ್ತರ ಸಿಕ್ಕಿದ್ದು ಆ ಮೂರು ಮೀಟರಿನಲ್ಲೇ. ಕಿಟಕಿಯ ಕೆಳಗೆ ಕೇಬಲ್ ಹೋಗುವುದು ವೈಫೈ ಡಬ್ಬಿಯ ವೈರಿನ ಪಕ್ಕದಲ್ಲಿ. ಹೆಣಿಗೆ ಗಟ್ಟಿಯಿದ್ದಷ್ಟು ದಿನ ಹೊರಗಿನ ಗದ್ದಲ ಒಳಗೆ ಬರದ ಹಾಗೆ ತಡೆದಿತ್ತು. ಹೆಣಿಗೆ ಉದುರಿದ ಮೇಲೆ ಕೇಬಲ್ಲೇ ಆಂಟೆನಾ ಆಯಿತು, ಅದೂ ಅಡಾಪ್ಟರಿನ ಕಿವಿಯ ಹತ್ತಿರ. ನಾನು ಎರಡು ರೋಗ ಅಂದುಕೊಂಡು ಎರಡು ಔಷಧಿ ಹುಡುಕುತ್ತಿದ್ದೆ. ಸಿಗ್ನಲ್ ಕಮ್ಮಿಯಾದದ್ದೂ ಗದ್ದಲ ಜಾಸ್ತಿಯಾದದ್ದೂ ಒಂದೇ ತೂತಿನಿಂದ.

ಹೊಸ ಕೇಬಲ್ ಯಾವುದು ಅನ್ನುವುದಕ್ಕೆ ನಾನು ಮತ್ತು ಬೆಂಗಳೂರಿನ ಒಬ್ಬ ಹ್ಯಾಮ್ ಗೆಳೆಯ ಫೋನಿನಲ್ಲಿ ಒಂದು ಗಂಟೆ ಜಗಳವಾಡಿದೆವು. ಅವನದು ಎಲ್‌ಎಂಆರ್-400 ಪಕ್ಷ. 150 ಮೆಗಾಹರ್ಟ್ಜ್‌ನಲ್ಲಿ ನೂರು ಮೀಟರಿಗೆ ಐದು ಡೆಸಿಬೆಲ್ ಅಷ್ಟೇ ನಷ್ಟ, ಆರ್‌ಜಿ-58 ಅದೇ ದೂರಕ್ಕೆ ಇಪ್ಪತ್ತರ ಹತ್ತಿರ ತಿನ್ನುತ್ತದೆ. ಒಪ್ಪಿದೆ. ಆದರೆ ಅದು ಕಬ್ಬಿನ ಜಲ್ಲೆಯ ಹಾಗೆ ದಪ್ಪ, ಬಗ್ಗುವುದಿಲ್ಲ, ಬೆಲೆ ಕೇಳಿದರೆ ನಾವೇ ಬಗ್ಗಬೇಕು. ನನ್ನದು ಆರ್‌ಜಿ-6 ಪಕ್ಷ. ಕೇಬಲ್ ಟಿವಿಯವರು, ಡಿಶ್‌ನವರು ಎಳೆಯುವ ಅದೇ ವೈರು, ಮೂಡಿಗೆರೆ ಪೇಟೆಯಲ್ಲೇ ಸಿಗುತ್ತದೆ. ನೂರು ಮೀಟರಿಗೆ ಎಂಟು ಡೆಸಿಬೆಲ್ ಆಸುಪಾಸು. ಅದು 75 ಓಮ್, ನಿನ್ನ ಡಾಂಗಲ್ 50 ಓಮ್, ಹೊಂದುವುದಿಲ್ಲ ಅಂದ ಅವನು. ಲೆಕ್ಕ ಹಾಕಿ ತೋರಿಸಿದೆ: 50ಕ್ಕೆ 75 ಜೋಡಿಸಿದರೆ ವಾಪಸು ಹೋಗುವುದು ನೂರಕ್ಕೆ ನಾಲ್ಕು ಪಾಲು, ನಷ್ಟ 0.2 ಡೆಸಿಬೆಲ್ ಕೂಡ ಇಲ್ಲ. ಟ್ರಾನ್ಸ್‌ಮಿಟ್ ಮಾಡುವವರು ಈ ಮಾತಿಗೆ ಕಿವಿಗೊಡಬೇಡಿ. ಬರೀ ಕೇಳುವವರಿಗೆ ಇದು ಏನೂ ಅಲ್ಲ. ಅವನು ಒಪ್ಪಲಿಲ್ಲ, ಈಗಲೂ ಒಪ್ಪಿಲ್ಲ.

ಮೂವತ್ತು ಮೀಟರ್ ತಂದೆ, ಒಳಗೆ ಜೆಲ್ಲಿ ತುಂಬಿದ ಜಾತಿಯದು. ಸುಲಿಯುವಾಗ ಕೈಯೆಲ್ಲ ಅಂಟಂಟು, ಹಲಸಿನ ಮೇಣದ ಹಾಗೆ, ಆದರೆ ನೀರಿಗೆ ಹೆಣಿಗೆಯ ದಾರಿ ಇಲ್ಲ. ಇದರ ಹೆಣಿಗೆ ಅಲ್ಯುಮಿನಿಯಂ, ಬೆಸುಗೆ ಹಿಡಿಯುವುದಿಲ್ಲ. ಎಫ್ ಕನೆಕ್ಟರನ್ನು ಒತ್ತಿ ಕೂರಿಸುವ ಉಪಕರಣವೇ ಬೇಕು. ತಿರುಗಿಸಿ ಹಾಕುವ ಅಗ್ಗದ ಎಫ್ ಕನೆಕ್ಟರನ್ನು ಟವರಿನ ಮೇಲೆ ಹಾಕಬೇಡಿ, ಗಾಳಿಗೆ ಸಡಿಲವಾಗುತ್ತದೆ.

ಮತ್ತೆ ಹತ್ತಿದೆ. ಮೊದಲು ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪು. ಅದಕ್ಕೆ ಅಂಟು ಇಲ್ಲ, ಎರಡರಷ್ಟು ಎಳೆದು ಸುತ್ತಿದರೆ ಅರ್ಧ ದಿನದಲ್ಲಿ ಪದರಗಳು ಕೂಡಿ ಒಂದೇ ಉಂಡೆ ಆಗುತ್ತವೆ. ಬಿಸಿಲು ತಾಗದಿರಲಿ ಅಂತ ಅದರ ಮೇಲೆ ಕರೀ ಟೇಪು. ಈ ಸಲ ಕೆಳಗಿನಿಂದ ಮೇಲಕ್ಕೆ, ಬಾಯಲ್ಲಿ ‘ಸೂರಿಂದ ನೆತ್ತಿಗೆ’ ಅಂತ ಹೇಳಿಕೊಳ್ಳುತ್ತಾ. ಟೇಪಿನ ಕೊನೆಯನ್ನು ಎಳೆದು ಹರಿಯಬಾರದು, ಎಳೆತಕ್ಕೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಕತ್ತರಿಯಲ್ಲಿ ಕತ್ತರಿಸಿ ಸಡಿಲವಾಗಿ ಅಂಟಿಸಿದೆ. ಕನೆಕ್ಟರಿನ ಕೆಳಗೆ ಕೇಬಲ್ಲನ್ನು ಒಂದು ಸುತ್ತು ಜೋಲು ಬಿಟ್ಟು ಕಟ್ಟಿದೆ. ಕಿಟಕಿಯ ಹೊರಗೂ ಹಾಗೇ ಒಂದು ಜೋಲು. ಮೈಮೇಲೆ ಹರಿದು ಬರುವ ನೀರು ಅಲ್ಲಿ ತೊಟ್ಟಿಕ್ಕಿ ಹೋಗಲಿ, ಒಳಗೆ ಬರುವುದು ಬೇಡ. ಬಿಳೀ ಪ್ಲಾಸ್ಟಿಕ್ ಕಟ್ಟುಗಳು ಹೋದ ವರ್ಷದವು ಮುಟ್ಟಿದರೆ ಮುರಿಯುತ್ತಿದ್ದವು. ಅವನ್ನೆಲ್ಲ ಕಿತ್ತು ಕರಿಯವು ಹಾಕಿದೆ, ಕೇಬಲ್ ಚಪ್ಪಟೆಯಾಗದಷ್ಟು ಸಡಿಲ.

ಇಳಿದು ಬಂದು ಅದೇ ಫೋನು, ಅದೇ ಡಾಂಗಲ್, ಅದೇ ಗೇನ್. ಮಡಿಕೇರಿ: ಮೈನಸ್ 26. ತುದಿಯಲ್ಲಿ ಹಿಡಿದದ್ದಕ್ಕೂ ಮೇಜಿಗೆ ಬಂದದ್ದಕ್ಕೂ ಎರಡೇ ಡೆಸಿಬೆಲ್ ವ್ಯತ್ಯಾಸ. ಕೊನೆಗಾರನಿಗೆ ಕನ್ನಡ ವಾರ್ತೆ ಕೇಳಿಸಿದೆ. ಇದು ನನ್ನ ಫೋನಲ್ಲೂ ಬರುತ್ತಲ್ಲ ಅಂದ. ಬರುತ್ತದೆ, ನಿಜ.

ಆ ರಾತ್ರಿ ವೈಫೈ ಅಡಾಪ್ಟರಿನ ಫೆರೈಟ್ ಕ್ಲಿಪ್ ಬೇಕೆಂದೇ ತೆಗೆದು ನೋಡಿದೆ. ಗದ್ದಲದ ನೆಲ ಒಂದು ಡೆಸಿಬೆಲ್ ಕೂಡ ಏರಲಿಲ್ಲ. ಕ್ಲಿಪ್ಪನ್ನು ಹಾಗೇ ವಾಪಸು ಹಾಕಿದೆ, ಇರಲಿ. ಎಲ್‌ಎನ್‌ಎ ಮೇಲೆ ಹಾಕುವ ಆಸೆಯೂ ಸದ್ಯಕ್ಕೆ ಬಿಟ್ಟೆ. ಎದುರು ಗುಡ್ಡದ ಮೇಲೆ ಮೊಬೈಲ್ ಟವರ್ ಇದೆ, ಈ ಡಾಂಗಲ್‌ನದು ಎಂಟೇ ಬಿಟ್, ಜೋರು ಸಿಗ್ನಲ್ ಪಕ್ಕದ ಸಣ್ಣದನ್ನು ಬೇರೆ ಮಾಡುವ ಶಕ್ತಿ ಕಮ್ಮಿ. ಜಾಸ್ತಿ ಏರಿಸಿದರೆ ಇಲ್ಲದ ಕಡೆಯೆಲ್ಲ ಸುಳ್ಳು ಸಿಗ್ನಲ್ಲಿನ ಭೂತಗಳು ಕಾಣಿಸಿಕೊಳ್ಳುತ್ತವೆ. ಜೊತೆಗೆ ಏಪ್ರಿಲ್ ಸಿಡಿಲಿಗೆ ಇನ್ನೊಂದು ಬಲಿ ಯಾಕೆ ಅಂತ. ಗುಡುಗು ಶುರುವಾದರೆ ನಾನು ಕೇಬಲ್ ಬಿಚ್ಚಿ ಕಿಟಕಿಯ ಹೊರಗೆ ಹಾಕುತ್ತೇನೆ. ಟವರಿನ ಬುಡದಲ್ಲಿ ಅರ್ಥಿಂಗ್ ಇದೆ, ಆದರೂ.

ಶುಕ್ಲಾ ಅಷ್ಟರಲ್ಲಿ ಭೂಮಿಗೆ ಬಂದು ತಿಂಗಳಾಗಿತ್ತು. ಆ ದನಿ ಹೋಯಿತು, ಮತ್ತೆ ಸಿಗುವುದಿಲ್ಲ. ಹುಬ್ಬೆ ಮಳೆಯ ಒಂದು ಸಂಜೆ ನಿಲ್ದಾಣ ಪಶ್ಚಿಮದಿಂದ ಬರುವಾಗ 145.825ರಲ್ಲಿ ಕೂತೆ. ಅಲ್ಲಿ ದನಿ ಇಲ್ಲ, ಕಂಪ್ಯೂಟರುಗಳು ಕಳಿಸುವ ಕಿರ್ರೆನ್ನುವ ಸಂದೇಶಗಳು. ನಿಲ್ದಾಣ ಗುಡ್ಡದ ನೆತ್ತಿಯಿಂದ ಮೇಲೆ ಬರುವ ಮೊದಲೇ ಮೊದಲ ಕಿರ್ರು ಬಂತು. ಎಂಟು ನಿಮಿಷದಲ್ಲಿ ಹದಿನೇಳು ಸಂದೇಶಗಳನ್ನು ಸಾಫ್ಟ್‌ವೇರು ತಪ್ಪಿಲ್ಲದೆ ಬಿಡಿಸಿತು. ಜುಲೈನಲ್ಲಿ ಸಿಗುತ್ತಿದ್ದುದು ಒಂದೋ ಎರಡೋ.

ಗೋಡೆಯ ಮೇಲಿನ ಹಾಳೆ ಇನ್ನೂ ಇದೆ. ಉತ್ತರೆ, ಹಸ್ತ, ಚಿತ್ತೆ, ಮೂರು ಮಳೆಯಲ್ಲೂ ಮೀಟರು ಓಎಲ್. ಚಿತ್ತೆಯಲ್ಲಿ ಒಂದು ರಾತ್ರಿ ಟವರು ಅಲುಗಾಡುವ ಸದ್ದು ಮಲಗುವ ಕೋಣೆಗೆ ಕೇಳುವಷ್ಟು ಗಾಳಿ ಮಳೆ ಬಂತು. ಬೆಳಗ್ಗೆ ಎದ್ದು ಮೊದಲು ಮುಟ್ಟಿದ್ದು ಮೀಟರನ್ನೇ. ಓಎಲ್.

ಒಂದು ಮಾತ್ರ ಬಾಕಿ. 435 ಮೆಗಾಹರ್ಟ್ಜ್ ಆಸುಪಾಸಿನ ಹ್ಯಾಮ್ ಉಪಗ್ರಹಗಳು ಲೆಕ್ಕಕ್ಕಿಂತ ಐದಾರು ಡೆಸಿಬೆಲ್ ಕಮ್ಮಿ ಬರುತ್ತಿವೆ. ಎಫ್ ಕನೆಕ್ಟರಿನಿಂದ ಪಿಎಲ್-259ಗೆ ಹೊಂದಿಸಲು ಮೇಲೆ ಹಾಕಿರುವ ಅಡಾಪ್ಟರ್ ತುಂಡಿನ ಮೇಲೆ ನನಗೆ ಅನುಮಾನ, ಬೆಂಗಳೂರಿನ ಗೆಳೆಯನಿಗೆ ಆರ್‌ಜಿ-6 ಮೇಲೆ. ಕೊನೆಗಾರ ಅಡಿಕೆ ಕೊಯ್ಲಿಗೆ ಹೋಗಿದ್ದಾನೆ, ಸಂಕ್ರಾಂತಿಯವರೆಗೆ ಪುರುಸೊತ್ತಿಲ್ಲ. ಹೊಸ ಅಡಾಪ್ಟರ್ ತಂದು ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ.